ಮಸುಕಾದ ಅಂಕಿಯನ್ನು ಚೆಕ್ ಡಿಜಿಟ್‌ನಿಂದ ಮರಳಿ ಪಡೆಯಬಹುದೇ?

ಪ್ರಶ್ನೆ:
ಹಳೆಯ ಪುಸ್ತಕಪಟ್ಟಿಯೊಂದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. 13 ಅಂಕಿಗಳ ಕೆಲವು ಐಎಸ್‌ಬಿಎನ್‌ಗಳಲ್ಲಿ (ಪುಸ್ತಕವನ್ನು ಗುರುತಿಸುವ ಸಂಖ್ಯೆಗಳಲ್ಲಿ) ಒಂದು ಅಂಕಿ ಮಾತ್ರ ಓದಲಾಗದಷ್ಟು ಮಸುಕಾಗಿದೆ. ಇನ್ನು ಕೆಲವು ಸ್ಪಷ್ಟವಾಗಿಯೇ ಇದ್ದರೂ ಲೆಕ್ಕ ತಾಳೆಯಾಗದಿರುವುದರಿಂದ, ಬರೆದುಕೊಂಡವರೇ ತಪ್ಪಿರಬೇಕು. ಕೊನೆಯ ಚೆಕ್ ಡಿಜಿಟ್ (ಉಳಿದ ಅಂಕಿಗಳು ಸರಿಯೇ ಎಂದು ಪರೀಕ್ಷಿಸಲು ಸೇರಿಸಿದ ಅಂಕಿ) ಒಂದನ್ನೇ ನಂಬಿ ಈ ಎರಡೂ ಬಗೆಯವನ್ನು ಸರಿಪಡಿಸಬಹುದೇ?

ಉತ್ತರ 1:
ಮೊದಲ ಬಗೆಯದನ್ನು ಖಂಡಿತ ಸರಿಪಡಿಸಬಹುದು, ಏಕೆಂದರೆ ಯಾವ ಸ್ಥಾನದ ಅಂಕಿ ಇಲ್ಲವೆಂಬುದು ನಿಮಗೆ ಗೊತ್ತಿದೆ. ಅಂಕಿಗಳನ್ನು ಎಡದಿಂದ ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ, ಮೊತ್ತವು 10ರಿಂದ ಶೇಷವಿಲ್ಲದೆ ಭಾಗವಾಗಬೇಕು. 9781234?67897 ಎಂಬ ಮಾದರಿ ಸಂಖ್ಯೆಯಲ್ಲಿ ಓದಬಲ್ಲ ಅಂಕಿಗಳ ಮೊತ್ತ 125 ಆಗುತ್ತದೆ. ಮಸುಕಾದದ್ದು ಎಂಟನೆಯ ಸ್ಥಾನವಾದ್ದರಿಂದ ಅದನ್ನು 3ರಿಂದ ಗುಣಿಸಬೇಕು, ಗುಣಲಬ್ಧದ ಬಿಡಿಸ್ಥಾನದಲ್ಲಿ 5 ಬರಬೇಕು. ಹಾಗೆ ಬರುವುದು ಮೂರೈದಲ ಹದಿನೈದು ಮಾತ್ರ, ಆದ್ದರಿಂದ ಅಂಕಿ 5. ಮೂರರ ಮಗ್ಗಿಯಲ್ಲಿ 0ಯಿಂದ 27ರವರೆಗೆ ಬಿಡಿಸ್ಥಾನದ ಹತ್ತು ಅಂಕಿಗಳೂ ಒಂದೊಂದೇ ಸಲ ಬರುವುದರಿಂದ ಉತ್ತರ ಎಂದೂ ಎರಡಾಗದು. 3ರ ಬದಲು 2ರಿಂದ ಗುಣಿಸಿದ್ದರೆ 0 ಯಾವುದು, 5 ಯಾವುದು ಎಂದು ತಿಳಿಯುತ್ತಲೇ ಇರಲಿಲ್ಲ.

ಉತ್ತರ 2:
ಎರಡನೆಯ ಬಗೆಯಲ್ಲಿ ಅಷ್ಟು ಸುಲಭವಿಲ್ಲ. ತಪ್ಪು ಒಂದೇ ಎಂದುಕೊಂಡರೂ ಅದು ಎಲ್ಲಿದೆಯೆಂದು ಚೆಕ್ ಡಿಜಿಟ್ ಹೇಳುವುದಿಲ್ಲ. ಹದಿಮೂರು ಸ್ಥಾನಗಳಲ್ಲಿ ಯಾವುದನ್ನು ತಿದ್ದಿದರೂ ತಾಳೆಯಾಗುವ ಅಂಕಿಯೊಂದು ಸಿಕ್ಕೇ ಸಿಗುತ್ತದೆ. ಆರಂಭದ 978 ಖಚಿತವಿದ್ದರೂ ಹತ್ತು ಸಾಧ್ಯತೆಗಳು ಉಳಿಯುತ್ತವೆ. ತಾಳೆಯಾದವೆಲ್ಲ ಸರಿಯೆಂದೂ ತಿಳಿಯಬೇಡಿ: ಅಕ್ಕಪಕ್ಕದ 1 ಮತ್ತು 6ರಂತೆ 5ರ ವ್ಯತ್ಯಾಸವಿರುವ ಅಂಕಿಗಳು ಅದಲುಬದಲಾದರೆ ಮೊತ್ತ 19 ಇದ್ದದ್ದು 9 ಆಗುತ್ತದೆ, ಬಿಡಿಸ್ಥಾನ ಮಾತ್ರ ಕದಲುವುದಿಲ್ಲ.

ಪ್ರಶ್ನೆ ಕೇಳಿದವರು:
ಕೆಲವು ನಮೂದುಗಳಲ್ಲಿ 10 ಅಂಕಿಗಳ ಹಳೆಯ ಸಂಖ್ಯೆಯೂ ಇದೆ. ಅದರಿಂದ ಉಪಯೋಗವುಂಟೇ?

ಉತ್ತರ 2:
ಬಹಳ ಉಪಯೋಗವುಂಟು, ಇದನ್ನು ನೀವು ಮೊದಲೇ ಹೇಳಬೇಕಿತ್ತು! 2007ರಲ್ಲಿ 13 ಅಂಕಿಗಳ ಪದ್ಧತಿ ಬಂದಾಗ, ಹಳೆಯ ಸಂಖ್ಯೆಯ ಮೊದಲ ಒಂಬತ್ತು ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡು ಮುಂದೆ 978 ಸೇರಿಸಿ ಚೆಕ್ ಡಿಜಿಟ್ಟನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಲಾಯಿತು. ಆದ್ದರಿಂದ ಎರಡನ್ನೂ ಒಂದರ ಕೆಳಗೊಂದು ಬರೆದರೆ ವ್ಯತ್ಯಾಸವಿರುವ ಸ್ಥಾನ ಕಣ್ಣಿಗೆ ಬೀಳುತ್ತದೆ. ಹಳೆಯದರಲ್ಲಿ 10ರಿಂದ 1ರವರೆಗೆ ಇಳಿಮುಖವಾಗಿ ಗುಣಿಸಿ 11ರಿಂದ ಭಾಗಿಸುತ್ತಾರೆ. 11 ಅವಿಭಾಜ್ಯ ಸಂಖ್ಯೆಯಾದ್ದರಿಂದ, ಬೇರೆ ಬೇರೆಯಾದ ಯಾವ ಎರಡು ಅಂಕಿಗಳು ಅದಲುಬದಲಾದರೂ ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಯಲ್ಲಿ ‘ಎಕ್ಸ್’ ಅಕ್ಷರ ಕಂಡರೆ ತಪ್ಪೆಂದು ಅಳಿಸಬೇಡಿ, ಅದರ ಬೆಲೆ 10.