ದವಡೆ ಆಪರೇಷನ್ ನಂತರ ಸೋಂಕು: ಅನುಭವ ಇದ್ದವರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೆಳದವಡೆಯ ಆಪರೇಷನ್ ಆಗಿದೆ. ಎರಡೂ ಕಡೆ ಟೈಟಾನಿಯಂ ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಊತ ಇಳಿಯುತ್ತಾ ಬಂದಿತ್ತು. ಆಮೇಲೆ ಎಡಗಡೆ ಮಾತ್ರ ಮತ್ತೆ ಊದಿಕೊಂಡು, ಹೊಲಿಗೆ ಹಾಕಿದ ಜಾಗದಿಂದ ಕೀವು ಬರತೊಡಗಿತು. ಬಾಯಲ್ಲಿ ಸದಾ ಒಂಥರಾ ಕೆಟ್ಟ ರುಚಿ.

ಡಾಕ್ಟರ್ ಕೀವು ತೆಗೆದು ಕಲ್ಚರ್ ಪರೀಕ್ಷೆಗೆ (ಯಾವ ರೋಗಾಣು ಅಂತ ತಿಳಿಯಲು) ಕಳಿಸಿದರು, ಆಂಟಿಬಯೋಟಿಕ್ ಬದಲಾಯಿಸಿದರು. ಕೋರ್ಸ್ ಮುಗಿಯುವವರೆಗೆ ಸರಿ, ಮುಗಿದ ಮೇಲೆ ಮತ್ತೆ ಅದೇ ಕಥೆ. ಮೂಳೆ ಕೂಡಿಕೊಂಡ ಮೇಲೆ ಪ್ಲೇಟ್ ತೆಗೆಯಬಹುದು, ಅಲ್ಲಿಯವರೆಗೆ ಕಾಯೋಣ ಅನ್ನುತ್ತಾರೆ. ಕಾಯುವುದೇ ಕಷ್ಟ ಅಲ್ವಾ?

ಹೀಗೆ ಪ್ಲೇಟ್ ತೆಗೆಸಿಕೊಂಡವರು ಯಾರಾದರೂ ಇದ್ದೀರಾ? ಆ ಆಪರೇಷನ್‌ನಲ್ಲೂ ನೋವು ಅಷ್ಟೇ ಜಾಸ್ತಿಯಾ? ಕೆಳತುಟಿ, ಗದ್ದ ಇನ್ನೂ ಮರಗಟ್ಟಿವೆ. ಕುಡಿದ ನೀರು ಗದ್ದದ ಮೇಲೆ ಇಳಿದರೂ ಗೊತ್ತಾಗುವುದಿಲ್ಲ. ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕಂತೆ. ನಿಮಗೆ ಸ್ಪರ್ಶ ವಾಪಸ್ ಬರುವಾಗ ಜುಮ್ ಅನ್ನಿಸಿತ್ತಾ?

ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ. ಮಕ್ಕಳ ಪುಟ್ಟ ಬ್ರಷ್, ಡಾಕ್ಟರ್ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸುತ್ತಿದ್ದೇನೆ. ದ್ರವ ಆಹಾರ ಮಾತ್ರ, ತೂಕ ಇಳಿಯುತ್ತಿದೆ.

ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ ಗೊತ್ತು. ಮನೆಮದ್ದು ದಯವಿಟ್ಟು ಬೇಡ. ಈ ಕಾಯುವ ದಿನಗಳನ್ನು ನೀವು ಹೇಗೆ ತಳ್ಳಿದಿರಿ, ಅದನ್ನು ಹೇಳಿ. ಸುಮ್ನೆ ಒಂದೆರಡು ಸಾಲು ಬರೆದರೂ ಸಾಕು.