ಸಹಾಯ ಬೇಕು: ವಿಎಂ ಬ್ಯಾಕಪ್‌ಗೆ ಎಷ್ಟು ಜಾಗ, ಎಷ್ಟು ದಿನ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಪ್ರಾಕ್ಸ್‌ಮಾಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ 5 ವಿಎಂ (ವರ್ಚುವಲ್ ಮಷೀನ್, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್ ಮೂಲಕ ನಡೆಯುವ ಕಂಪ್ಯೂಟರ್) ಓಡುತ್ತಿವೆ. ಒಟ್ಟು ಡೇಟಾ ಸುಮಾರು 2 ಟಿಬಿ. ದಿನಕ್ಕೆ ಬದಲಾಗುವುದು 20 ಜಿಬಿ, ಕೊಯ್ಲಿನ ಸಮಯದಲ್ಲಿ ಇನ್ನೂ ಜಾಸ್ತಿ.

ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿ ದಿನಕ್ಕೊಂದರಂತೆ 7, ವಾರಕ್ಕೊಂದರಂತೆ 4, ತಿಂಗಳಿಗೊಂದರಂತೆ 12 ಪ್ರತಿ ಇಟ್ಟುಕೊಳ್ಳುವ ಯೋಚನೆ ಇದೆ. ಡೀಡೂಪ್ಲಿಕೇಷನ್ (ಒಂದೇ ಡೇಟಾವನ್ನು ಮತ್ತೆ ಮತ್ತೆ ಉಳಿಸದೆ ಒಮ್ಮೆ ಮಾತ್ರ ಇಡುವುದು) ಇರುವುದರಿಂದ ಪ್ರತಿ ಸಲ 2 ಟಿಬಿ ಬೇಕಾಗುವುದಿಲ್ಲ, ಸರಿ. ಆದರೆ ತಿಂಗಳ ಪ್ರತಿಗಳು ಹಿಡಿಯುವ ಜಾಗದ ಲೆಕ್ಕ ಹೇಗೆ? ಪ್ರೂನ್ ಮಾಡಿದರೂ (ಹಳೆಯ ಪ್ರತಿಗಳನ್ನು ಪಟ್ಟಿಯಿಂದ ತೆಗೆದರೂ) ಗಾರ್ಬೇಜ್ ಕಲೆಕ್ಷನ್ (ಬೇಡದ ಡೇಟಾವನ್ನು ನಿಜವಾಗಿ ಅಳಿಸುವ ಕೆಲಸ) ಆಗುವ ತನಕ ಜಾಗ ಖಾಲಿ ಆಗುವುದಿಲ್ಲ ಅಲ್ವಾ? ಅದಕ್ಕೆ ಎಷ್ಟು ಬಿಟ್ಟಿಡುತ್ತೀರಿ? 8 ಟಿಬಿ ಸಾಕಾ?

ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇರಬೇಕು. ಅದಕ್ಕಾಗಿ ಇಡೀ ವಿಎಂ ಇಡುವುದು ವ್ಯರ್ಥ. ಡೇಟಾಬೇಸ್ ಮಾತ್ರ ಬೇರೆ ತೆಗೆದಿಡುತ್ತೇನೆ.

ನಿಜವಾದ ಚಿಂತೆ ಮಳೆಗಾಲ. 2018ರ ಆಗಸ್ಟ್‌ನಲ್ಲಿ ಕಾವೇರಿ ನದಿ ಇಲ್ಲಿನ ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದ ಮೇಲೆ, ಎಲ್ಲ ಪ್ರತಿಗಳನ್ನೂ ಒಂದೇ ಕಟ್ಟಡದಲ್ಲಿ ಇಡುವ ಧೈರ್ಯ ಇಲ್ಲ. ಒಂದು ಪ್ರತಿ ಮೈಸೂರಿಗೆ ಹೋಗಲೇಬೇಕು. ಅಪ್‌ಲೋಡ್ 20 ಎಂಬಿಪಿಎಸ್, ಅಂದರೆ 20 ಜಿಬಿಗೆ ಎರಡೂಕಾಲು ಗಂಟೆ. ಜೂನ್ ಬಂತೆಂದರೆ ಕರೆಂಟ್, ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಸಿಂಕ್ (ಮೈಸೂರಿಗೆ ಪ್ರತಿ ಕಳಿಸುವುದು) ನಡುವೆ ನಿಂತರೆ ನೀವು ಹೇಗೆ ನಿಭಾಯಿಸುತ್ತೀರಿ? ಮೊದಲ 2 ಟಿಬಿಯನ್ನು ಡಿಸ್ಕ್‌ನಲ್ಲೇ ಒಯ್ಯುವುದು ಒಳ್ಳೆಯದಾ? ಮಲೆನಾಡಿನ ಕಡೆ ಇಂಥದ್ದು ಮಾಡಿದವರು ದಯವಿಟ್ಟು ತಿಳಿಸಿ.