ಅಪ್‌ಡೇಟ್: ಲಾರಿ ಸರಿ ಹೋಯ್ತು, ತಪ್ಪು ಸೆನ್ಸರ್‌ದಲ್ಲ
ಕಬ್ಬಿನ ಲೋಡ್ ಎಳೆಯುತ್ತಿಲ್ಲ, ಇಂಜಿನ್ ಬಿಸಿಯಾದರೆ ಸ್ಟಾರ್ಟೇ ಆಗಲ್ಲ ಅಂತ ಕೇಳಿದ್ದೆನಲ್ಲ, ಆ ಲಾರಿ. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ರೈಲ್ ಪ್ರೆಷರ್ ಸೆನ್ಸರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ ಪ್ರೆಷರ್ ಎಷ್ಟಿದೆ ಅಂತ ಅಳೆಯುವುದು) ಹೊಸದು ಹಾಕಿಸಿದೆ. ಎರಡೇ ದಿನ, ಮತ್ತೆ ಅದೇ ಕಥೆ.

ಮಂಡ್ಯದಲ್ಲಿ ಮೆಕ್ಯಾನಿಕ್ ಅಣ್ಣ ಸ್ಕ್ಯಾನರ್ ಹಾಕಿ ತೋರಿಸಿದರು: ಸೆಲ್ಫ್ ಹೊಡೆದರೂ ಡೀಸೆಲ್ ಪ್ರೆಷರ್ ನಿಜಕ್ಕೂ ಏರುತ್ತಿಲ್ಲ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು, ಅಲ್ವಾ! ಇಂಜಿನ್ ತಣ್ಣಗಾದ ಮೇಲೆ ಆರೂ ಇಂಜೆಕ್ಟರ್‌ಗಳ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವವು) ರಿಟರ್ನ್ ಪೈಪ್, ಅಂದರೆ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಬಿಚ್ಚಿ, ಒಂದೊಂದಕ್ಕೂ ಸಣ್ಣ ಬಾಟಲಿ ಕಟ್ಟಿ ಇಂಜಿನ್ ಓಡಿಸಿದರು. ಐದರಲ್ಲಿ ತಳ ಮುಚ್ಚುವಷ್ಟು ಡೀಸೆಲ್. ನಾಲ್ಕನೆಯ ಬಾಟಲಿ ಮುಕ್ಕಾಲು ತುಂಬಿತ್ತು. ಸಿಲಿಂಡರ್‌ಗೆ ಹೋಗಬೇಕಾದ ಪ್ರೆಷರ್ ಅಲ್ಲೇ ಸೋರಿ ಟ್ಯಾಂಕಿಗೆ ವಾಪಸ್ ಹೋಗುತ್ತಿತ್ತು.

ಆ ಇಂಜೆಕ್ಟರ್ ಬದಲಾಯಿಸಿ, ತಾಮ್ರದ ವಾಷರ್ ಹೊಸದು ಹಾಕಿ, ಹೊಸ ಇಂಜೆಕ್ಟರ್ ಮೇಲಿದ್ದ ಕೋಡ್ ಇಸಿಎಂಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಫೀಡ್ ಮಾಡಿದರು. ಈಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಮೊದಲು ಈ ಬಾಟಲಿ ಕಟ್ಟಿ ನೋಡುವ ರಿಟರ್ನ್ ಟೆಸ್ಟ್ ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.